ಮದಗದ ಕೆರೆ ಕೋಡಿ ಬಿದ್ದಾಗ
ಮಳೆ ಜೋರಾದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಬೈಕುಗಳು ಮಾಸೂರಿನ ದಾರಿ ಹಿಡಿಯುತ್ತವೆ. ಮದಗದ ಕೆರೆ ಕೋಡಿ ಬಿದ್ದು ಕುಮುದ್ವತಿ ನದಿ ಬಂಡೆಗಳ ಮೇಲೆ ಧುಮುಕುವುದನ್ನು ನೋಡಬೇಕಲ್ಲ! ಗುಡ್ಡಗಳ ಸಂದಿಗೆ ಏರಿ ಹಾಕಿ ವಿಜಯನಗರ ಕಾಲದಲ್ಲಿ ಕಟ್ಟಿದ ಕೆರೆ ಇದು. ಮುಂದೆ ಒಡೆಯಿತು; ಬ್ರಿಟಿಷರ ಕಾಲದಲ್ಲಿ ದುರಸ್ತಿಯಾಗಿ ಉಳಿದದ್ದು ಮೊದಲಿಗಿಂತ ಬಹಳ ಕಿರಿದು. ಈಗ ಕೋಡಿ ಬಿದ್ದರೆ ಪತ್ರಿಕೆಯಲ್ಲಿ ಫೋಟೊ, ಬಾಗಿನ ಬಿಟ್ಟವರ ಹೆಸರಿನ ಸಾಲು. ಕಾಲುವೆಯ ಕಟ್ಟಕಡೆಯ ಹೊಲಕ್ಕೆ ನೀರು ಮುಟ್ಟಿತೇ ಎಂಬುದು ಮಾತ್ರ ಸುದ್ದಿಯಾಗುವುದಿಲ್ಲ. ಸರ್ವಜ್ಞನ ಸೀಮೆಯಿದು, ಪಾಚಿಗಲ್ಲಿನ ಮೇಲೆ ಸೆಲ್ಫಿಗೆ ನಿಲ್ಲುವವರನ್ನು ಕಂಡಿದ್ದರೆ ಆತ ಮೂರೇ ಸಾಲಿನಲ್ಲಿ ನೀರಿಳಿಸುತ್ತಿದ್ದ. ಜಾರುವ ಬಂಡೆಗೆ ಬೇಲಿ ಹಾಕಲಿ, ಬೇಡವೆನ್ನುವವರಿಲ್ಲ. ಹಾಗೇ ಹೂಳೆತ್ತಿದ ಲೆಕ್ಕವನ್ನೂ ಪಂಚಾಯಿತಿ ಗೋಡೆಗೆ ಅಂಟಿಸಲಿ.