ಹಸಿರು ಮಾತ್ರೆಯ ಆಸೆ

ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಚಿಕಿತ್ಸೆ ಆರಂಭವಾಯಿತೆಂದರೆ ನೆಂಟರಿಷ್ಟರು ಬರಿಗೈಯಲ್ಲಿ ಬರುವುದಿಲ್ಲ. ಹಣ್ಣುಹಂಪಲಿನ ಜೊತೆಗೆ ಈಗ ಸ್ಪಿರುಲಿನಾ ಎಂಬ ಹಸಿರು ಮಾತ್ರೆಯ ಸೀಸೆಯೂ ಬರುತ್ತದೆ. “ಮದ್ದಿನ ಉಪದ್ರವವನ್ನು ತಡೆಯುತ್ತದಂತೆ” ಎಂಬ ಭರವಸೆಯೂ ಅದರೊಡನೆ ಬರುತ್ತದೆ. ಈ ಮಾತಿನಲ್ಲಿ ಹುರುಳೆಷ್ಟು?

ಸ್ಪಿರುಲಿನಾ ಹೊಸ ವಸ್ತುವೇನಲ್ಲ. ಆಫ್ರಿಕದ ಚಾಡ್ ಸರೋವರ ಪ್ರಾಂತದ ಹೆಂಗಸರು ಈ ನೀಲಿಹಸಿರು ಪಾಚಿಯನ್ನು ಸೋಸಿ, ಬಿಸಿಲಿನಲ್ಲಿ ಒಣಗಿಸಿ, ಬಿಲ್ಲೆಮಾಡಿ ಅಡುಗೆಗೆ ಬಳಸುವುದು ಹಳೆಯ ರೂಢಿ. ನಮ್ಮ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದವರೂ ಇದರ ಬೇಸಾಯವನ್ನು ಅಭ್ಯಸಿಸಿದ್ದಾರೆ. ಒಣಪಾಚಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಪ್ರೋಟೀನೇ.

ಇನ್ನು ಮದ್ದಿನ ವಿಚಾರ. 1959ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಸೈಕ್ಲೋಫಾಸ್ಫಮೈಡ್ ಇಂದಿಗೂ ಬಳಕೆಯಲ್ಲಿದೆ. ಅದು ಜೀವಕೋಶದ ಡಿಎನ್‌ಎಯ ಎರಡು ಎಳೆಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತದೆ. ಎಳೆಗಳು ಬಿಡಿಸಿಕೊಳ್ಳಲಾರದೆ, ಕೋಶ ಇಬ್ಭಾಗವಾಗಲಾರದೆ ಸಾಯುತ್ತದೆ. ಗೆಡ್ಡೆಗೆ ಬೀಳುವ ಈ ಪೆಟ್ಟು, ಬೇಗಬೇಗ ವೃದ್ಧಿಯಾಗುವ ಮೂಳೆಮಜ್ಜೆಗೂ ಕೂದಲಿನ ಬುಡಕ್ಕೂ ಬೀಳುತ್ತದೆ. ರಕ್ತಕಣಗಳು ಇಳಿಯುವುದೂ ತಲೆಗೂದಲು ಉದುರುವುದೂ ಇದರಿಂದಲೇ.

ವಿಜ್ಞಾನಿಗಳು ಇಲಿಗಳಿಗೆ ಪಾಚಿಯನ್ನು ತಿನ್ನಿಸಿ, ಈ ಮದ್ದನ್ನೂ ಕೊಟ್ಟು ನೋಡಿದ್ದಾರೆ. ಪೆಟ್ಟುತಿಂದ ವರ್ಣತಂತುಗಳ ಚೂರುಗಳು ಮಜ್ಜೆಯ ಕೋಶಗಳಲ್ಲಿ ಪುಟ್ಟ ಚುಕ್ಕೆಗಳಾಗಿ ಉಳಿಯುತ್ತವೆ. ಸೂಕ್ಷ್ಮದರ್ಶಕದಲ್ಲಿ ಅವನ್ನು ಎಣಿಸಬಹುದು. ಪಾಚಿ ತಿಂದ ಇಲಿಗಳಲ್ಲಿ ಚುಕ್ಕೆಗಳು ಕಡಿಮೆಯಾಗಿದ್ದುವು. ಆದುದರಿಂದ ನೆಂಟರ ಮಾತು ಪೂರಾ ಕಟ್ಟುಕಥೆಯಲ್ಲ.

ಆದರೆ ಮಜ್ಜೆಯನ್ನು ಕಾಯುವ ವಸ್ತು ಗೆಡ್ಡೆಯನ್ನೂ ಕಾದರೆ ಗತಿಯೇನು? ಮದ್ದನ್ನು ಕೊಡುವುದೇ ಡಿಎನ್‌ಎಯನ್ನು ಕೆಡಿಸಲೆಂದು. ನಮ್ಮವನಿಗೆ ತೊಡಿಸಿದ ಕವಚವನ್ನು ಶತ್ರುವೂ ತೊಟ್ಟನೆಂದರೆ ಯುದ್ಧ ಕೆಟ್ಟಂತೆಯೇ. ಆರೋಗ್ಯವಂತ ಇಲಿಯ ಮಜ್ಜೆಯನ್ನು ಎಣಿಸಿದ ಮಾತ್ರಕ್ಕೆ ಈ ಪ್ರಶ್ನೆಗೆ ಉತ್ತರ ದೊರೆಯದು. 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಸ್ತನ ಕ್ಯಾನ್ಸರಿನ ರೋಗಿಗಳನ್ನು ಕುರಿತದ್ದು. ಅದರಲ್ಲಿ, ಚಿಕಿತ್ಸೆಗೆ ಮುನ್ನವೂ ಚಿಕಿತ್ಸೆಯ ಕಾಲದಲ್ಲಿಯೂ ವಿಟಮಿನ್ ಇ, ಸಿ ಮೊದಲಾದ ಉತ್ಕರ್ಷಣ ನಿರೋಧಕಗಳನ್ನು ಸೇವಿಸಿದವರಲ್ಲಿ ರೋಗ ಮರುಕಳಿಸುವ ಸಂಭವ ಹೆಚ್ಚಾದಂತೆ ತೋರಿತು. ಅವು ಪಾಚಿಯಲ್ಲ, ನಿಜ. ಸಂಬಂಧವೂ ಖಚಿತವಾಗಿ ಸಿದ್ಧವಾಗಲಿಲ್ಲ. ಆದರೂ ಎಚ್ಚರಿಕೆಗೆ ಅಷ್ಟು ಸಾಕು.

ಆರೈಕೆ ಮಾಡುವ ಗೃಹಿಣಿಯರಲ್ಲಿ ಒಂದು ಬಿನ್ನಹ. ಸೀಸೆ ತಂದವರ ಅಕ್ಕರೆಯನ್ನು ಹಳಿಯಬೇಡಿ. ಸೀಸೆಯನ್ನು ಒಡೆಯಲೂ ಬೇಡಿ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಅದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸಿ. ಅವರ ಅಪ್ಪಣೆಯಾಗುವವರೆಗೆ ರೋಗಿಗೆ ಬೇಳೆ, ಮೊಸರು, ಮೊಟ್ಟೆಗಳ ಪ್ರೋಟೀನೇ ಇರಲಿ.