ಮುಖವಿದೆ, ಹೆಸರಿಲ್ಲ

ದ್ವಿತೀಯ ಮಹಾಯುದ್ಧದಲ್ಲಿ, 1943ರಿಂದ 1945ರ ವರೆಗೆ, ಭಾರತೀಯ ಸೇನೆಯ 4, 8 ಮತ್ತು 10ನೆಯ ಡಿವಿಜನ್‌ಗಳು ಇಟಲಿಯಲ್ಲಿ ಕಾದಿದವು. ಅಲ್ಲಿ ಮಡಿದ ಭಾರತೀಯರು ಐದು ಸಾವಿರಕ್ಕೂ ಅಧಿಕ. ಆ ದಂಡಯಾತ್ರೆಯ ಛಾಯಾಚಿತ್ರಗಳನ್ನು ಸೇನೆಯ ಛಾಯಾಗ್ರಾಹಕರೇ ತೆಗೆದರು. ಸೆನ್ಸಾರಿನ ಕಣ್ಣು ದಾಟಿದವು ಪತ್ರಿಕೆಗಳಿಗೆ ಹೋದವು. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿರುವ ಅವುಗಳಲ್ಲಿ ಹಲವನ್ನು ಇಂದು ಮನೆಯಲ್ಲೇ ಮೊಬೈಲಿನಲ್ಲಿ ನೋಡಬಹುದು.

ನೋಡಿದರೆ ಒಂದು ಸಂಗತಿ ತಿಳಿಯುತ್ತದೆ. ಜನರಲ್‌ಗೆ ಹೆಸರಿದೆ, ಪದಕ ಪಡೆದವನಿಗೆ ಹೆಸರಿದೆ. ಸೇತುವೆ ಕಟ್ಟುವವನು, ನೆಲಬಾಂಬು ತೆಗೆಯುವವನು ಎಷ್ಟೋ ಚಿತ್ರಗಳಲ್ಲಿ ಬರೇ 'ಭಾರತೀಯ ಸಿಪಾಯಿ'. ಬೆಂಗಳೂರಿನಲ್ಲಿ ನೆಲೆಯಿದ್ದ ಮದರಾಸು ಸ್ಯಾಪರ್ಸ್ ಪಡೆಯ ಸುಬೇದಾರ್ ಸುಬ್ರಮಣ್ಯನ್ 1944ರ ಫೆಬ್ರವರಿ 24ರಂದು ಸಿಡಿಯಲಿದ್ದ ನೆಲಬಾಂಬಿನ ಮೇಲೆ ತಾನೇ ಬಿದ್ದು ಜೊತೆಗಾರರನ್ನು ಉಳಿಸಿದರು. ಮರಣೋತ್ತರ ಜಾರ್ಜ್ ಕ್ರಾಸ್ ಬಂತು, ಹೆಸರು ಉಳಿಯಿತು. ಉಳಿದವರದು?

ಹಿಂದೂಪುರ, ಕಲ್ಯಾಣದುರ್ಗಗಳು ಆಗ ಮದರಾಸು ಪ್ರಾಂತ್ಯದ ಅನಂತಪುರ ಜಿಲ್ಲೆಯಲ್ಲಿದ್ದವು. ನಮ್ಮ ಕಾಸರಗೋಡು ಅದೇ ಪ್ರಾಂತ್ಯದ ದಕ್ಷಿಣ ಕನ್ನಡದಲ್ಲಿ. ಎರಡೂ ಕಡೆಯ ಕನ್ನಡಿಗನಿಗೆ ಸೇನೆ ಒತ್ತಿದ ಮುದ್ರೆ ಒಂದೇ: 'ಮದರಾಸಿ'. (ಉತ್ತರದಲ್ಲಿ ಆ ಮುದ್ರೆ ಇನ್ನೂ ಪೂರ್ತಿ ಮಾಸಿಲ್ಲ.)

ಚಿತ್ರದಲ್ಲಿ ಮುಖವಿದ್ದು ಹೆಸರಿಲ್ಲದಿದ್ದರೆ, ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಹೆಸರಿದೆ, ಮುಖವಿಲ್ಲ. ಅನೇಕರ ಹೆಸರಿನೊಡನೆ ತಂದೆಯ ಹೆಸರು, ಊರು, ಜಿಲ್ಲೆಯೂ ಇವೆ. ಆದರೆ ಹುಡುಕುವವರು ಎಡವುವುದು ಇಲ್ಲೇ. ಅನಂತಪುರ ಜಿಲ್ಲೆ 1953ರಲ್ಲಿ ಆಂಧ್ರಕ್ಕೆ ಹೋಯಿತು; 2022ರಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ನಾವು 1956ರಲ್ಲಿ ಕೇರಳಕ್ಕೆ ಸೇರಿದೆವು, 1984ರಲ್ಲಿ ಪ್ರತ್ಯೇಕ ಜಿಲ್ಲೆಯಾದೆವು. ಯುದ್ಧಕಾಲದ ದಾಖಲೆಗೆ ಇದಾವುದೂ ಗೊತ್ತಿಲ್ಲ. ಹುಡುಕುವುದಿದ್ದರೆ 'ಅನಂತಪುರ', 'ಸೌತ್ ಕೆನರಾ' ಎಂದೇ ಹುಡುಕಬೇಕು, ಅದೂ ಇಂಗ್ಲಿಷ್ ಗುಮಾಸ್ತ ಬರೆದಿರಬಹುದಾದ ಹತ್ತು ಬಗೆಯ ಕಾಗುಣಿತದಲ್ಲಿ.

ಬದುಕಿ ಮರಳಿದವರು ಆ ಪಟ್ಟಿಯಲ್ಲಿಲ್ಲ. ಅವರ ಗುರುತು ಇರುವುದು ಮನೆಯ ಟ್ರಂಕಿನ ಡಿಸ್ಚಾರ್ಜ್ ಕಾಗದದಲ್ಲಿ. ಅದರಲ್ಲಿ ಪಡೆಯ ಹೆಸರೂ ನಂಬರೂ ಸಿಕ್ಕಿದರೆ, ದಿನಾಂಕ, ಸ್ಥಳ ಬರೆದಿಟ್ಟ ಚಿತ್ರಗಳೊಡನೆ ತಾಳೆ ನೋಡಬಹುದು. ಹೊಸ ಮನೆ ಕಟ್ಟುವ ಗಡಿಬಿಡಿಯಲ್ಲಿ ಮೊದಲು ಹೊರಗೆ ಬೀಳುವುದೂ ಇಂಥ ಕಾಗದವೇ. ಜೊತೆಗೆ ಕನ್ನಡದ ಪತ್ರಗಳಿದ್ದರೆ ಕಷ್ಟ ಬೇರೆ: ಅಲ್ಲಿ ತೆಲುಗು ಮಾಧ್ಯಮ, ಇಲ್ಲಿ ಮಲಯಾಳ, ಎರಡೂ ಕಡೆ ಇಂಗ್ಲಿಷ್ ಕಲಿತ ಮರಿಮಕ್ಕಳಿಗೆ ಅಜ್ಜನ ಅಕ್ಷರ ಓದಲು ಬರುವುದಿಲ್ಲ. ಓದಬಲ್ಲ ಹಿರಿಯರು ಇರುವಾಗಲೇ ಓದಿಸಿ ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟರೆ ಸದ್ಯಕ್ಕೆ ಅಷ್ಟು ಸಾಕು.