ಪಟ್ಟಿಯಲ್ಲಿ ‘ಡಿನೈ’, ಬಾಗಿಲು ಮಾತ್ರ ತೆರೆದೇ ಇದೆ (ಭಾಗ 3)

“ಯುಎಫ್‌ಡಬ್ಲ್ಯೂ ಆನ್ ಇದೆ ಗುರು, ಎಲ್ಲಾ ಸೇಫ್.”

ಫೆಸ್ಟ್ ರಿಜಿಸ್ಟ್ರೇಶನ್ ಸರ್ವರ್ ಬಗ್ಗೆ ಕೇಳಿದ್ದಕ್ಕೆ ಗ್ರೂಪಲ್ಲಿ ಬಂದ ಉತ್ತರ ಇದು. ಜೊತೆಗೊಂದು ಸ್ಕ್ರೀನ್‌ಶಾಟ್: ಪೋರ್ಟ್ 5432, ಡಿನೈ. ಆದ್ರೆ ನನ್ನ ಮೊಬೈಲ್ ಡೇಟಾದಿಂದಲೇ ಆ ಪೋರ್ಟಿಗೆ ಕನೆಕ್ಷನ್ ಸಿಕ್ತು. ಅಲ್ಲಿರೋದು ಡೇಟಾಬೇಸ್. ಅದರೊಳಗೆ ನಮ್ಮೆಲ್ಲರ ಹೆಸರು, ಫೋನ್ ನಂಬರ್.

ನಾನು ಹೇಳೋದು ಇಷ್ಟೇ: ಡಾಕರ್ ಓಡ್ತಿರೋ ಲಿನಕ್ಸ್ ಮೆಷಿನ್‌ನಲ್ಲಿ ಯುಎಫ್‌ಡಬ್ಲ್ಯೂ ಪಟ್ಟಿ ಪುರಾವೆನೇ ಅಲ್ಲ.

ಯಾಕೆ? ಕಂಟೇನರ್‌ಗೆ 5432:5432 ಅಂತ ಪೋರ್ಟ್ ಕೊಟ್ರೆ ಡಾಕರ್ ತಾನೇ ಐಪಿಟೇಬಲ್ಸ್‌ನಲ್ಲಿ ರೂಲ್ ಬರೆಯುತ್ತೆ. ನ್ಯಾಟ್ ಟೇಬಲ್‌ನಲ್ಲಿರೋ ಆ ರೂಲ್, ಹೊರಗಿಂದ ಬಂದ ಪ್ಯಾಕೆಟ್‌ನ ವಿಳಾಸವನ್ನೇ ಕಂಟೇನರ್ ವಿಳಾಸಕ್ಕೆ ಬದಲಾಯಿಸುತ್ತೆ. ಆಮೇಲೆ ಪ್ಯಾಕೆಟ್ ಇನ್‌ಪುಟ್ ಚೈನ್‌ಗೆ ಹೋಗಲ್ಲ, ಫಾರ್ವರ್ಡ್ ಚೈನ್‌ಗೆ ಹೋಗುತ್ತೆ. ನಿಮ್ಮ ‘ಡಿನೈ’ ಕೂತಿರೋದು ಇನ್‌ಪುಟ್‌ನಲ್ಲಿ. ವಾಚ್‌ಮನ್ ಮುಂದಿನ ಗೇಟಲ್ಲಿ, ಬಂದವರು ಪಕ್ಕದ ಗೇಟಲ್ಲಿ!

“ನಾನು ಐಪಿಟೇಬಲ್ಸ್ -ಎಲ್ ಹಾಕಿ ನೋಡಿದೀನಿ” ಅನ್ನೋರಿಗೆ: ಅದು ತೋರಿಸೋದು ಫಿಲ್ಟರ್ ಟೇಬಲ್ ಮಾತ್ರ. ಉಳಿದ ಕಥೆಗೆ ‘-ಟಿ ನ್ಯಾಟ್’ ಬೇಕು. ‘-ವಿ’ ಹಾಕ್ದಿದ್ರೆ ಇಂಟರ್‌ಫೇಸ್ ಕಾಲಮ್ಮೇ ಕಾಣಲ್ಲ. ಲೂಪ್‌ಬ್ಯಾಕ್‌ಗೆ ಮಾತ್ರ ಇರೋ ‘ಆಕ್ಸೆಪ್ಟ್’ ಕೂಡ ಊರಿಗೆಲ್ಲ ಬಾಗಿಲು ತೆಗೆದ ಹಾಗೆ ಕಾಣುತ್ತೆ. ಅರ್ಧ ಪಟ್ಟಿ ನೋಡಿ ಸುಮ್ನೆ ಹೆದರೋದೂ ತಪ್ಪು, ಸುಮ್ನೆ ನಿದ್ದೆ ಮಾಡೋದೂ ತಪ್ಪು.

ಬಿಕಾಂನವರಿಗೆ ಇದು ಹೊಸದಾ? ಟ್ರಯಲ್ ಬ್ಯಾಲೆನ್ಸ್ ತಾಳೆ ಆದ್ರೆ ಲೆಕ್ಕ ಸರಿ ಅಂತಲ್ಲ ಅಂತ ಓದಿದೀವಲ್ಲ. ಎಂಟ್ರಿನೇ ಬಿಟ್ಟುಹೋಗಿದ್ರೂ ಅದು ತಾಳೆ ಆಗುತ್ತೆ.

“ಹಾಗಾದ್ರೆ ಡಾಕರ್ ತಪ್ಪು” ಅಂತೀರಾ? ಕೇಳದೇ ಪೋರ್ಟನ್ನ ಎಲ್ಲರಿಗೂ ತೆರೆಯೋದು ನಂಗೂ ಇಷ್ಟ ಇಲ್ಲ. ಆದ್ರೆ ಯುಎಫ್‌ಡಬ್ಲ್ಯೂ ಜೊತೆ ಹೊಂದಲ್ಲ ಅಂತ ಡಾಕರ್ ಡಾಕ್ಯುಮೆಂಟೇಶನ್ನೇ ಹೇಳುತ್ತೆ. ಓದದೇ ಇದ್ದದ್ದು ನಾವು.

ಮಾಡಬೇಕಾದ್ದು:
▪️ ಡೇಟಾಬೇಸ್ ಪೋರ್ಟ್ ಹೊರಗೆ ಕೊಡಲೇಬೇಡಿ.
▪️ ಅದೇ ಮೆಷಿನ್‌ನಿಂದ ಬೇಕಿದ್ರೆ 127.0.0.1:5432:5432 ಅಂತ ಬರೀರಿ.
▪️ ಹೊರಗಿನ ಕೆಲವರನ್ನ ಮಾತ್ರ ಬಿಡಬೇಕಾ? ರೂಲ್ ಹಾಕೋ ಜಾಗ ಡಾಕರ್-ಯೂಸರ್ ಚೈನ್.
▪️ ಕೊನೆಗೆ ಬೇರೆ ನೆಟ್‌ವರ್ಕ್‌ನಿಂದ ನಿಮ್ಮ ಸರ್ವರ್‌ಗೆ ನೀವೇ ಕನೆಕ್ಟ್ ಮಾಡಿ ನೋಡಿ.

ಸರ್ವರ್ ನಿಮ್ಮದಿರಬಹುದು, ಅದರಲ್ಲಿರೋ ನಂಬರ್ ನಮ್ಮದು. ಸ್ಕ್ರೀನ್‌ಶಾಟ್ ಕಳಿಸೋ ಮುಂಚೆ ಬಾಗಿಲು ಒಮ್ಮೆ ತಳ್ಳಿ ನೋಡಿ.

ಸೇವ್ ಮಾಡ್ಕೊಳ್ಳಿ, ಪ್ರಾಜೆಕ್ಟ್ ಮಾಡ್ತಿರೋ ಫ್ರೆಂಡ್‌ಗೆ ಕಳಿಸಿ 👇

#ಕನ್ನಡದಲ್ಲಿಟೆಕ್ #ಲಿನಕ್ಸ್ #ಡಾಕರ್ #ಫೈರ್‌ವಾಲ್